ಟ್ಯಾಂಕರ್ ಪ್ರಮಿಳೆಯ ಹಳದಿ ನೀರು

ಖಾನಾಪುರದ ಆಚೆ, ಬಾಕ್ಸೈಟ್ ಗಣಿಯ ಮಣ್ಣುರಸ್ತೆಯಲ್ಲಿ ಪ್ರಮಿಳಾ ನೀರಿನ ಟ್ಯಾಂಕರಿನ ಗುಂಡಿ ಒತ್ತಿದಳು. ಧೂಳು ಅಡಗಬೇಕಿತ್ತು, ಅಡಗಿತು ಕೂಡ. ಆದರೆ ಚಿಮ್ಮಿದ ನೀರು ಅಪ್ಪಟ ಹಳದಿ. ರಸ್ತೆಯ ಬದಿ ನಿಂತಿದ್ದ ಮ್ಯಾನೇಜರ್ ವಿನೀತರ ಇಸ್ತ್ರಿ ಅಂಗಿಯೂ, ತಪಾಸಣೆಗೆಂದು ಬೆಳಗಾವಿಯಿಂದ ಬಂದಿದ್ದ ಪರಿಸರ ಅಧಿಕಾರಿ ಪ್ರಾಚಿ ಮೇಡಂ ಅವರ ಬಿಳಿ ಸೀರೆಯೂ ಒಂದೇ ಬಣ್ಣಕ್ಕೆ ತಿರುಗಿದವು. ಇಬ್ಬರನ್ನೂ ಈಗಷ್ಟೇ ಅರಿಷಿಣ ಹಚ್ಚಿ ಹಸೆಮಣೆಗೆ ಕರೆತಂದಂತಿತ್ತು. ಇಬ್ಬರಿಗೂ ಬೇರೆ ಬೇರೆ ಕಡೆ ಮದುವೆಯಾಗಿ ವರ್ಷಗಳಾಗಿದ್ದವು ಎನ್ನುವುದು ಬೇರೆ ಮಾತು.

ಕೆಲಸ ನೋಡಿ ಕಾಯಂ ಮಾಡುತ್ತೇವೆ ಎಂದು ವಿನೀತರು ಪ್ರಮಿಳೆಗೆ ಕೊಟ್ಟಿದ್ದ ಅವಧಿ ಅಂದೇ ಮುಗಿಯುತ್ತಿತ್ತು. ಕಾಯಂ ಎನ್ನಬೇಕಾದ ಬಾಯಿ ಈಗ ಕರವಸ್ತ್ರದ ಹಿಂದೆ ಕೆಮ್ಮುತ್ತಿತ್ತು.

ಆ ಗಣಿಯಲ್ಲಿ ಹೆಂಗಸರು ಅಲ್ಲಿಯವರೆಗೆ ಗಣನೆಗೇ ಬಂದಿರಲಿಲ್ಲ. ಇದ್ದವರ ಕೈಗೆ ಕಸಬರಿಗೆ, ಇಲ್ಲವೇ ಬುಟ್ಟಿ. ಲಾರಿಗಳು ಎಬ್ಬಿಸಿದ ಕೆಂಪು ಧೂಳು ಮೆತ್ತಿದ ಹುಲ್ಲು ಮೇಯ್ದು ಪ್ರಮಿಳೆಯ ಅಪ್ಪ ಬೀರಣ್ಣನ ಕುರಿಗಳು ಕೆಮ್ಮುತ್ತಿದ್ದರೆ, ಟ್ಯಾಂಕರಿನವರು ದಿನಕ್ಕೊಮ್ಮೆ ಶಾಸ್ತ್ರಕ್ಕೆ ನೀರು ಚೆಲ್ಲಿ ಮರದಡಿ ಮಲಗುತ್ತಿದ್ದರು. ಕೇಳಲು ಹೋದ ಪ್ರಮಿಳೆಗೆ, ನೀನೇ ಓಡಿಸಿ ತೋರಿಸು ಎಂದು ನಕ್ಕರು. ಅವಳು ಬಸ್ಸು ಹತ್ತಿ ಬೆಳಗಾವಿಯ ಖಾಸಬಾಗದ ಡ್ರೈವಿಂಗ್ ಸ್ಕೂಲಿಗೆ ಸೇರಿ, ದೊಡ್ಡ ಗಾಡಿಯ ಲೈಸೆನ್ಸನ್ನೇ ತಂದು ತೋರಿಸಿದಳು.

ಈಗ ಪ್ರಾಚಿ ಮೇಡಂ ಗಾಡಿ ನಿಲ್ಲಿಸಲು ಹೇಳಿದರು. ಗಣಿಯ ಹೊಂಡದಿಂದ ಯಾವುದೋ ರಾಸಾಯನಿಕ ಸೇರಿದೆ, ಇದೇ ನೀರು ಹಳ್ಳಕ್ಕೂ ಇಳಿಯುತ್ತಿರಬೇಕು ಎಂಬ ಅನುಮಾನ ಅವರದು. ವಿನೀತರು ನೀರೆಲ್ಲಿ ತುಂಬಿಸಿದೆ ಎಂದು ಕೇಳಿದರು. ದಿನಾ ತುಂಬಿಸುವ ಬೋರಿನಲ್ಲೇ ಎಂದಳು. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದ್ದೆಯಾ ಎಂದಾಗ ಅವಳು ಟಾಕಿಯ ಮುಚ್ಚಳದತ್ತ ತಿರುಗಿ ನೋಡಿದಳು. ಪಕ್ಕದಲ್ಲಿದ್ದ ಟ್ಯಾಂಕರಿನ ಹಳೆಯ ಚಾಲಕ ಯಲ್ಲೇಶನಿಗೆ ಇದ್ದಕ್ಕಿದ್ದಂತೆ ಹುರುಪು ಬಂತು.

"ನಾ ಆವಾಗೇ ಅಂದಿದ್ನಿಲ್ರೀ ಸಾಹೇಬ್ರ, ಈ ತಂಗೀಗಿ ಬುಟ್ಟೀನ ಬರೋಬರಿ."

ಪ್ರಮಿಳಾ ಕೀಲಿಕೈ ಕೊಟ್ಟುಬಿಡಲು ಕಿಸೆಗೆ ಕೈ ಹಾಕಿದಳು. ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತ ಬೀರಣ್ಣ ಗೇಟು ದಾಟಿ ಬಂದ. ಹಳದಿಯಾದ ದೊಡ್ಡವರನ್ನು ಕಂಡು ಅವನ ಮುಖ ಅರಳಿತು.

"ಭಂಡಾರ ಎಲ್ಲಾರಿಗೂ ಮುಟ್ಟೇತಿ ಬಿಡ್ರೀ. ಒಂದ ಚೀಲ ಸಾಲೂದಿಲ್ಲೇನೋ ಅಂತ ನನಗ ಚಿಂತಿ ಆಗಿತ್ತು."

ಮಗಳ ಕೆಲಸ ಕಾಯಂ ಆಗಲೆಂದು ಹರಕೆ ಹೊತ್ತು, ಬೀರಪ್ಪನ ಗುಡಿಯಲ್ಲಿ ಭಂಡಾರವೆಂದು ತೂರುವ ಅರಿಷಿಣದ ಪುಡಿಯನ್ನು ಅವನು ಬೆಳಿಗ್ಗೆಯೇ ಬಂದು ಟ್ಯಾಂಕರಿನ ಟಾಕಿಗೆ ಸುರಿದು ಹೋಗಿದ್ದ. ಪ್ರಾಚಿ ಮೇಡಂ ಸೆರಗು ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಅವರಿಗೆ ಬಂದ ನಗು ವಿನೀತರಿಗೂ ಅಂಟಿತು. ಪ್ರಮಿಳಾ ಕೀಲಿಕೈಯನ್ನು ಕಿಸೆಯಲ್ಲೇ ಬಿಟ್ಟು ಟ್ಯಾಂಕರಿನ ಗಾಲಿಗೆ ಒರಗಿದಳು.

ಬರುವಾಗ ದಾರಿಯುದ್ದಕ್ಕೂ ಹುಲ್ಲು ಧೂಳಿಲ್ಲದೆ ಹಸಿರಾಗಿಯೇ ಕಂಡಿತು, ಗಣಿಯ ಬದಿಯಲ್ಲಿ ಇದು ಅಪರೂಪ ಎಂದು ಮೇಡಂ ಹೇಳಿದ ಮೇಲೆ ವಿನೀತರಿಗೆ ಯೋಚಿಸಲು ಏನೂ ಉಳಿಯಲಿಲ್ಲ. ಕೆಲಸ ಕಾಯಂ ಎಂದುಬಿಟ್ಟರು. ಯಲ್ಲೇಶ ಮರದಡಿಗೆ ನಡೆದ.

ಮೇಡಂ ಪ್ರಮಿಳೆಯ ಕೈ ಹಿಡಿದುಕೊಂಡು, ಗಣಿಯ ಮೊದಲ ಮಹಿಳಾ ಚಾಲಕಿಯಾಗಿ ಪರಿಸರಕ್ಕಾಗಿ ನಿನ್ನ ಮೊದಲ ಹೆಜ್ಜೆ ಏನು ಎಂದು ಕೇಳಿದರು.

ಪ್ರಮಿಳಾ ಅಪ್ಪನ ಕಂಬಳಿಯತ್ತ ನೋಡಿದಳು. ಅದರಡಿ ಏನೋ ಉಬ್ಬಿಕೊಂಡಿತ್ತು.

"ಮದ್ಲ ಟಾಕೀಗೆ ಕೀಲಿ ಹಾಕ್ತೀನ್ರೀ. ಹರಕಿ ತೀರಸಾಕ ಅಪ್ಪ ಇನ್ನೊಂದ ಚೀಲ ತಂದಾನ."