ಸೆರಗಿನಡಿಯ ರೇಷ್ಮೆಹುಳ

ನಿನ್ನೆ ನನ್ನ ತಮ್ಮ ಪುಟ್ಟಸ್ವಾಮಿ ಜಗುಲಿಯಲ್ಲಿ ಕೂತು, ಕಾಲಿಗೆ ಚುಚ್ಚಿದ ಮುಳ್ಳನ್ನು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದ. ಗಾಜಿನೊಳಗೆ ಅವನ ಹಿಮ್ಮಡಿ ಕ್ಲೋಸ್‌ಪೇಟೆ ಬೆಟ್ಟದ ಬಂಡೆಯಷ್ಟು ದೊಡ್ಡದಾಗಿ ಕಂಡಿತು. ನಗುವ ಬದಲು ನಾನು ಮುಖ ತಿರುಗಿಸಿದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಎರಡನೇ ತರಗತಿಗೇ ಶಾಲೆ ಬಿಟ್ಟವಳು. ಮಾತು ಅಡ್ಡದಾರಿ ಹಿಡಿದರೆ ಬೈಯಬೇಡಿ.

ಎಷ್ಟೋ ವರ್ಷದ ಹಿಂದೆ ಚನ್ನಪಟ್ಟಣದ ಶಾಲೆಯಲ್ಲಿ ಸರ್ಕಾರದವರು ಜನಕ್ಕೆ ವಿಜ್ಞಾನ ತೋರಿಸಲೆಂದು ಒಂದು ಕೋಣೆ ತೆರೆದಿದ್ದರು. ಎಲ್ಲ ಕಡೆ ಮುಟ್ಟಬೇಡಿ ಎನ್ನುವ ಸರ್ಕಾರ ಅಲ್ಲಿ ಮಾತ್ರ 'ಮುಟ್ಟಿ ನೋಡಿ' ಎಂದು ಹಲಗೆ ಹಾಕಿತ್ತು. ಹಿಡಿ ತಿರುವಿದರೆ ಕೈ ಜುಮ್ಮೆನ್ನುವ ಯಂತ್ರ, ಮೊಳೆ ಎಳೆಯುವ ಅಯಸ್ಕಾಂತ, ಹೊಟ್ಟು ತುಂಬಿ ನಿಲ್ಲಿಸಿದ ಸತ್ತ ಚಿರತೆ. ಚಿರತೆಯ ಮೀಸೆಯನ್ನು ಜನ ತಾಯಿತಕ್ಕೆಂದು ಮೊದಲ ದಿನವೇ ಕಿತ್ತುಕೊಂಡು ಹೋದರು. ಆಮೇಲೆ ಅದು ಕ್ಷೌರ ಮಾಡಿಸಿಕೊಂಡ ಮದುವಣಿಗನಂತೆ ಕಾಣುತ್ತಿತ್ತು. ಬೊಂಬೆ ಮಾಡುವ ಹುಸೇನ್ ಸಾಬರು ಏಳು ಬಣ್ಣದ ಅರಗು ಬಳಿದ ಬುಗುರಿ ಕೊಟ್ಟಿದ್ದರು. ಸುತ್ತಿದರೆ ಬಣ್ಣವೆಲ್ಲ ಸೇರಿ ಬೆಳ್ಳಗಾಗುತ್ತಿತ್ತು. "ನನ್ ಬಣ್ಣ ಎಲ್ಲೋಯ್ತು?" ಎಂದು ಸಾಬರೇ ಅದನ್ನು ಹಿಡಿದು ನಿಲ್ಲಿಸಿ ನೋಡುತ್ತಿದ್ದರು.

ಇವನ್ನೆಲ್ಲ ಜನಕ್ಕೆ ತೋರಿಸಿ ವಿವರಿಸುವವನು ಪುಟ್ಟಸ್ವಾಮಿ. ಬೆಂಗಳೂರಿನ ಸಾಹೇಬರು ಬಂದು ಮೆಚ್ಚಿದರೆ ಅವನ ಕೆಲಸ ಕಾಯಂ. ಅವರಿಗೆಂದೇ ನಮ್ಮ ಮನೆಯ ರೇಷ್ಮೆಹುಳದ ತಟ್ಟೆಯೊಂದನ್ನು ತಂದು, ಇದೇ ಭೂತಗನ್ನಡಿಯ ಜೊತೆ ಮೇಜಿನ ಮೇಲಿಟ್ಟ. "ಅಕ್ಕ, ಒಸಿ ನೋಡ್ಕೊ, ಬಂದ್ಬುಟ್ಟೆ" ಎಂದು ಜೊತೆಗೆ ಬಂದಿದ್ದ ನನ್ನನ್ನು ಅಲ್ಲೇ ನಿಲ್ಲಿಸಿ, ಅವರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಓಡಿದ. ಅವನು ಅತ್ತ ಹೋದ, ಇತ್ತ ಸಾಹೇಬರು ಕುದುರೆಗಾಡಿಯಲ್ಲಿ ನೇರ ಶಾಲೆಗೇ ಬಂದಿಳಿದರು.

ನಮ್ಮ ಕಡೆ ಹುಳದ ಮೇಲೆ ಹೊರಗಿನವರ ಕಣ್ಣು ಬೀಳಕೂಡದು. ದೃಷ್ಟಿಯಾದರೆ ಗೂಡು ಕಟ್ಟದೆ ಸಾಯುತ್ತವೆ. ನೆಂಟರು ಕೇಳಿದರೂ "ಈ ಸಲ ಹುಳ ಚೆನ್ನಾಗಿಲ್ಲ" ಎನ್ನುವುದೇ ವಾಡಿಕೆ. ಸಾಹೇಬರ ಕಣ್ಣೋ, ಕನ್ನಡಕದ ಹಿಂದೆ ಕೋಳಿಮೊಟ್ಟೆಯಷ್ಟಿತ್ತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ತಟ್ಟೆಯ ಮೇಲೆ ಸೆರಗು ಹಾಸಿಬಿಟ್ಟಿತು.

"ತೋರಿಸ್ತೀವಿ ಅಂದಿದ್ದ ಹುಳ ಎಲ್ಲಿ ತಾಯಿ?" ಎಂದರು ಸಾಹೇಬರು.

"ಮೊನ್ನೇನೇ ಸತ್ತೋದ್ವು ಬುದ್ದಿ."

ಸೆರಗಿನಡಿ ಹುಳಗಳು ಸೊಪ್ಪು ಮೇಯುತ್ತಿದ್ದವು, ಸೋನೆ ಹಿಡಿದಂತೆ ಸದ್ದು.

"ಮತ್ತೆ ಅದೇನು ಸದ್ದು?"

"ನನ್ ಹೊಟ್ಟೆ ಬುದ್ದಿ. ಬೆಳಗಿಂದ ಉಂಡಿಲ್ಲ."

ಸಾಹೇಬರು ಬೋಳು ಚಿರತೆಯನ್ನು ನೋಡಿದರು, ನನ್ನನ್ನು ನೋಡಿದರು, ಗಾಡಿ ಹತ್ತಿದರು. ಹುಳ ಸಾಯಿಸಿದವನಿಗೆ ಕೆಲಸ ಸಿಗಲಿಲ್ಲ. ತಮ್ಮ ಕೇಳಿದಾಗ, "ಅವ್ರು ಒಂದ್ ಹುಳಾನೂ ನೋಡ್ಲಿಲ್ಲ ಕಣ್ಲಾ" ಎಂದೆ. ಸುಳ್ಳೇನಲ್ಲ, ನೋಡಿ. ಆ ತಟ್ಟೆಯ ಹುಳಗಳು ಎಂದೂ ಇಲ್ಲದಷ್ಟು ದಪ್ಪ ಗೂಡು ಕಟ್ಟಿದವು. ಪುಟ್ಟಸ್ವಾಮಿ ಹೊಲಕ್ಕೆ ಮರಳಿ, ಎತ್ತುಗಳಿಗೆ ಅಯಸ್ಕಾಂತದ ಗುಣ ವಿವರಿಸುತ್ತ ಉತ್ತ.

ನಿನ್ನೆ ಮುಳ್ಳು ಹೊರಬಂದ ಮೇಲೆ ಎಲ್ಲ ಹೇಳಿಬಿಟ್ಟೆ. ಅವನು ಭೂತಗನ್ನಡಿಯನ್ನು ಕೆಳಗಿಟ್ಟ.

"ಹೊಟ್ಟೆ ಅಂದ್ಯಾ?"

"ಹೂಂ."

ಎದ್ದ. ಕುಂಟುತ್ತ ಹೋಗಿ ನಮ್ಮ ಹುಳದ ಮನೆಯ ಬಾಗಿಲನ್ನು ಪೂರ್ತಿ ತೆರೆದು, ಬೀದಿಗೆಲ್ಲ ಕೇಳುವಂತೆ ಕೂಗಿದ: "ನಮ್ ಹುಳ ನೋಡ್ಬನ್ರಪ್ಪೋ!"

ಬೀದಿಯೇ ಬಂತು. ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು, ಅದರ ಬಾಯಿ, ಕಾಲು, ನೂಲು ಬರುವ ಜಾಗ ಎಲ್ಲ ತೋರಿಸಿ ವಿವರಿಸಿದ. ಅವನ ದನಿ ಅಷ್ಟು ತಿಳಿಯಾಗಿದ್ದುದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ನಾನು ಮಾತ್ರ ಬಂದವರ ಕಣ್ಣುಗಳನ್ನೇ ಎಣಿಸುತ್ತಿದ್ದೆ. ಗುಂಪಿನ ಹಿಂದೆ ಪಕ್ಕದ ಮನೆಯ ನಿಂಗಮ್ಮ ಇಣುಕಲು ಒದ್ದಾಡುತ್ತಿದ್ದಳು. ಅವಳ ಕಣ್ಣು ಬಿದ್ದರೆ ಹಾಲೂ ಒಡೆಯುತ್ತದೆ ಎನ್ನುತ್ತಾರೆ.

ಅವಳ ಕೈ ಹಿಡಿದು ನಾನೇ ಮುಂದಕ್ಕೆ ಎಳೆದೆ. "ಅಲ್ಲಿಂದೇನ್ ಕಾಣ್ತದೆ? ಒಸಿ ಹತ್ರ ಬಾರಮ್ಮಿ."