ನೀರಿಗೆ ಉಡಿ ತುಂಬಿದ್ದು

ನ್ಯೂಜಿಲೆಂಡಿನ ಜಾನ್ಸನ್‌ವಿಲ್‌ನ ನಮ್ಮ ಬೀದಿಯಲ್ಲಿ ಸಪಾಟಾದ ಹಿತ್ತಲು ಇರುವವನೇ ಭಾಗ್ಯವಂತ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಮಾತ್ರ ಇಳಿಜಾರೇ ಬೇಕೆಂದು ಹುಡುಕಿ ಕೊಂಡಂತಿತ್ತು. ಅಲ್ಲಿ ಅವರು ಕಾಲುವೆಯ ಲಾಕ್‌ಗಳ ಸಾಲೊಂದನ್ನು ಕಟ್ಟಿದ್ದರು, ಆಟದ ದೋಣಿಗೆ ಸಾಕಾಗುವ ಅಳತೆಯದು.

ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ನೀರಿನ ಕೋಣೆ. ದೋಣಿ ಒಳಬಂದ ಮೇಲೆ ಕೆಳಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನೇ ಏಳುತ್ತದೆ. ಆಮೇಲೆ ಮುಂದಿನ ಕೋಣೆ. ರೈಲು ಬರುವ ಮೊದಲು ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಹೀಗೇ ಗುಡ್ಡ ಹತ್ತುತ್ತಿತ್ತಂತೆ. ಅಜ್ಜನ ತಂದೆ, ತಾತ ಇಬ್ಬರೂ ಅಂಥ ಬಾಗಿಲುಗಳನ್ನು ಕಾಯುತ್ತಿದ್ದವರು. ಅಜ್ಜ ಇಲ್ಲಿಗೆ ಬಂದ ಮೇಲೆ ಅಲ್ಲಿನ ಆ ಕಾಲುವೆಗೆ ಮಣ್ಣು ತುಂಬಿ ರಸ್ತೆ ಮಾಡಿಬಿಟ್ಟರು. "ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು," ಎನ್ನುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಈಗ ಅವರು ಮನೆ ಮಾರಿ ವೃದ್ಧರ ರೆಸ್ಟ್ ಹೋಮ್‌ಗೆ ಹೊರಟಿದ್ದರು. ಕೊಂಡವರಿಗೆ ಆ ಜಾಗದಲ್ಲಿ ಕೂರಲು ಮರದ ಹಲಗೆಯ ಡೆಕ್ ಬೇಕಿತ್ತು. ಹತ್ತಿರದ ಶಾಲೆಯ ಟೀಚರ್ ಶನಿವಾರ ಬಂದು ನೋಡಿ, ಎಲ್ಲ ಸರಿಯಾಗಿ ನಡೆದರೆ ಲಾಕ್‌ಗಳನ್ನು ಶಾಲೆಯಂಗಳಕ್ಕೆ ಒಯ್ಯುವುದಾಗಿ ಹೇಳಿದ್ದರು. ಇಲ್ಲದಿದ್ದರೆ ಡಿಗ್ಗರ್ ಬಂದು ಇವುಗಳ ಮೇಲೂ ಮಣ್ಣೆಳೆಯುತ್ತಿತ್ತು.

ವಿಜಯಪುರದಿಂದ ಬಂದಿದ್ದ ಅವ್ವನಿಗೆ ಇದನ್ನೆಲ್ಲ ನಾನೇ ಬಿಡಿಸಿ ಹೇಳಿದ್ದೆ. ಆ ಶನಿವಾರ ಅಜ್ಜ ನೀರು ತುಂಬಿಸಿ, ಟೀಚರನ್ನು ಕರೆತರಲು ನನ್ನೊಡನೆ ಬೀದಿಗೆ ಬಂದರು. ಮೂವರೂ ಹಿತ್ತಲಿಗೆ ಹೋಗುವಷ್ಟರಲ್ಲಿ, ತುಂಬಿದ ಹೊಳೆಗೆ ಬಾಗಿನ ಬಿಡುವ ಹಾಗೆ, ಅವ್ವ ಲಾಕಿನ ಮೇಲಿನ ಕೋಣೆಗೆ ಉಡಿ ತುಂಬಿ ಮುಗಿಸಿದ್ದಳು. ಅಕ್ಕಿ, ಅರಿಷಿಣ, ಅಡಿಕೆ, ಹಸಿರು ಬಳೆ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಬಾಗಿಲು ಮುಚ್ಚಲಿಲ್ಲ. ಸಂದಿಯಲ್ಲಿ ಬಳೆ ಸಿಕ್ಕಿಕೊಂಡಿತ್ತು, ನೀರಿಳಿಯುವ ತೂತಿಗೆ ಅಕ್ಕಿ ಕಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಮಾಡಿದಿ ಬೇ! ಅವರ ಜೀವಾನ ಇದರಾಗ ಐತಿ!"

ಅವ್ವ ಸ್ವೆಟರಿನ ತೋಳು ಮೇಲೇರಿಸಿ ತಣ್ಣೀರಿಗೆ ಕೈ ಹಾಕಿದಳು. ಅಜ್ಜ ಎದುರಿಗೆ ಮಂಡಿಯೂರಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಅವರು ಬಳೆ ಬಿಡಿಸುತ್ತಿದ್ದರೆ ಇವಳು ಅಕ್ಕಿ ಬಾಚುತ್ತಿದ್ದಳು. ನಾನು ಟೀಚರ್ ಜೊತೆ ಹವಾಮಾನದ ಬಗ್ಗೆ ಸುಮ್ಮನೆ ಏನೇನೋ ಹರಟುತ್ತ ನಿಂತೆ.

ಕೊನೆಗೂ ಬಾಗಿಲು ಕೂಡಿತು. ಅರಿಷಿಣದ ನೀರು ಕೋಣೆಯಿಂದ ಕೋಣೆಗೆ ಹಳದಿಯಾಗಿ ಇಳಿಯತೊಡಗಿದಾಗ ಟೀಚರ್ ಬಗ್ಗಿ ನೋಡಿದರು. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಈಗ ಕಣ್ಣಿಗೇ ಕಾಣುತ್ತಿತ್ತು. ದೋಣಿ ಒಂದೊಂದೇ ಕೋಣೆ ಹತ್ತಿ ತುದಿ ಮುಟ್ಟಿತು.

"ಮಕ್ಕಳಿಗೂ ಹೀಗೇ ತೋರಿಸಬೇಕು. ಒಯ್ಯುತ್ತೇವೆ," ಎಂದರು ಟೀಚರ್.

ಎದೆಯ ಭಾರ ಇಳಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. "ಒಂದ್ ಮಾತು ಕೇಳಬಾರದಿತ್ತೇನ?" ಎಂದೆ ಅವ್ವನಿಗೆ.

"ಕೇಳೂದೇನೈತಿ? ನೀರಂದ್ರ ಗಂಗವ್ವ, ಈ ಮನಿ ಮಗಳು. ಮನಿ ಬಿಟ್ಟು ಹೊಂಟಾಳ. ತವರಿಂದ ಬರೇ ಉಡೀಲೆ ಕಳಸ್ತಾರೇನ?"

"ಟೀಚರ್ ಇನ್ನಾ ಒಪ್ಪೇ ಇರಲಿಲ್ಲಲ್ಲ ಬೇ!"

"ಒಪ್ಪದ ಏನ್ ಮಾಡ್ತಾಳ?"

ನಗು ತಡೆಯಲಾಗಲಿಲ್ಲ. ಅಜ್ಜನಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವರು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡು, "ಹಾಗಾದರೆ ತಂದೆ ಏನು ಹಾಕಬೇಕು?" ಎಂದು ಕೇಳಿದರು.

ನಾನು ಅದನ್ನು ಅವ್ವನಿಗೆ ತಿಳಿಸಿದ್ದೇ ತಡ, ಅವಳು ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಯನ್ನು ಅವರ ಬೊಗಸೆಗೆ ಸುರಿದಳು.

"ಮತ್ತೆ ಸಿಕ್ಕಿಕೊಳ್ಳುತ್ತದೆ!" ಎಂದೆ.

"ಸಿಕ್ಕಿಕೊಳ್ಳಲಿ," ಎಂದು ಅಜ್ಜ ಅಳುತ್ತಲೇ ಅದನ್ನು ನಿಧಾನವಾಗಿ ನೀರಿಗೆ ಬಿಟ್ಟರು.