ಪುಣೆಯ ದೊಡ್ಡ ಪರದೆ

ಊಟ ಬಿಟ್ಟೇನು, ಸಿನಿಮಾ ಬಿಡಲಾರೆ. ನೆಹರು ನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ಜನರಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು ನಾನು. ನನ್ನನ್ನು ಯಾರೂ ಮಾತನಾಡಿಸದ ಕತ್ತಲೆ ನನಗೆ ಆಗಾಗ ಬೇಕಾಗುತ್ತದೆ. ಪುಣೆಯಲ್ಲಿ ಮೂರು ಮಾಳಿಗೆ ಎತ್ತರದ ಪರದೆ ಇದೆಯಂತೆ, ಇಬ್ಬರೇ ಹೋಗಿಬರೋಣ ಎಂದು ವೈನಿ ಕರೆದಾಗ ಹಿಂದೆಮುಂದೆ ನೋಡದೆ ರಜೆ ಹಾಕಿದೆ.

ವೈನಿ ಎಂದರೆ ಅಣ್ಣನ ಹೆಂಡತಿ. ಖಾಸಬಾಗ ಬಡಾವಣೆಯ ಅವರ ಮನೆಯಲ್ಲೇ ನಾನಿರುವುದು. ಅವ್ವ ನಮ್ಮ ಹಳ್ಳಿ ಬೀಡಿಯಲ್ಲಿ ಹೊಲ ನೋಡಿಕೊಂಡಿದ್ದಾಳೆ. ಹೋದ ವರ್ಷ ಕನ್ಯಾ ನೋಡಲು ಬಂದವರು ನನ್ನನ್ನು ಅಂಗಳದಲ್ಲಿ ನಡೆಸಿ ನೋಡಿದರು, ಜಡೆ ಹಿಡಿದು ನೋಡಿದರು, ಅವಲಕ್ಕಿ ತಿಂದು "ಹೇಳಿ ಕಳಸ್ತೀವಿ" ಎಂದು ಹೋದವರು ಏನೂ ಹೇಳಿ ಕಳಿಸಲಿಲ್ಲ. ಅವತ್ತು ಅಡುಗೆಮನೆಯಲ್ಲಿ ವೈನಿಯನ್ನು ತಬ್ಬಿಕೊಂಡು ಅತ್ತಿದ್ದೆ.

"ಇನ್ನ ಮ್ಯಾಲ ನಿನ್ನ ಕೇಳದ ಯಾರಿಗೂ ತೋರಸಂಗಿಲ್ಲ. ನನ್ನ ಮ್ಯಾಲ ಭರವಸಾ ಇಡು," ಎಂದು ಅವಳು ತಲೆ ನೇವರಿಸಿದ್ದಳು. ಭರವಸೆ ಇಟ್ಟೆ.

ಪುಣೆಗೆ ಹೊರಟ ದಿನ ಹಸಿರು ಕುರ್ತಾನೇ ಹಾಕಿಕೋ ಎಂದು ವೈನಿ ಹಟ ಹಿಡಿದಳು. ಸಿನಿಮಾದ ಕತ್ತಲೆಗೆ ಯಾವ ಬಣ್ಣವಾದರೇನು ಎಂದು ಚೇಷ್ಟೆ ಮಾಡಿ, ಅದನ್ನೇ ಹಾಕಿಕೊಂಡೆ.

ಥಿಯೇಟರಿನ ಬಾಗಿಲಲ್ಲಿ ಚೀಲಗಳ ತಪಾಸಣೆ ನಡೆದಿತ್ತು. ನಮ್ಮ ಮುಂದಿದ್ದ ಇಳಕಲ್ ಸೀರೆಯ ಹೆಂಗಸಿನ ಚೀಲದಿಂದ ತೆಂಗಿನಕಾಯಿ ಹೊರಬಂತು. ತಿನ್ನುವುದನ್ನು ಒಳಗೆ ಬಿಡುವುದಿಲ್ಲ ಎಂದು ಸೆಕ್ಯುರಿಟಿಯವಳು ಮರಾಠಿಯಲ್ಲಿ ಗದರಿದಳು.

"ತಿನ್ನಾಕ ಅಲ್ಲವಾ, ಉಡಿ ತುಂಬಾಕ!" ಎಂದು ಈಕೆ ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಕೂಗಿದಳು. ಜೊತೆಗಿದ್ದ ಮಗ ನಾಚಿ ನೆಲ ನೋಡುತ್ತಿದ್ದ. ಹೆಣ್ಣುಮಕ್ಕಳ ಸೆರಗಿಗೆ ಕಾಯಿ, ಅಕ್ಕಿ, ಕುಪ್ಪಸದ ಖಣ ಹಾಕಿ ಹರಸುವುದು ಮನೆಯಲ್ಲಿ, ಇಲ್ಲವೇ ಗುಡಿಯಲ್ಲಿ. ಸಿನಿಮಾಕ್ಕೆ ಕಾಯಿ ತಂದವರನ್ನು ನಾನು ಕಂಡದ್ದು ಅದೇ ಮೊದಲು.

"ಯಾರ ಉಡಿ ತುಂಬತಾರಂತ, ವೈನಿ? ಹೀರೋಯಿನ್‌ದೇನು?" ಎಂದು ನಕ್ಕೆ.

ವೈನಿ ನಗಲಿಲ್ಲ. ಮುಂದೆ ಹೋಗಿ ಮರಾಠಿಯಲ್ಲಿ ಏನೇನೋ ಪುಸಲಾಯಿಸಿ ಕಾಯಿಯನ್ನು ಒಳಗೆ ಬಿಡಿಸಿದಳು. ಎಂಥ ಪರೋಪಕಾರಿ ಎಂದು ಮೆಚ್ಚಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪರದೆ ಬೆಳಗಿತು. ಖರೇ ಹೇಳುತ್ತೇನೆ, ಅಂಥದ್ದನ್ನು ನಾನು ಕಂಡಿರಲಿಲ್ಲ. ಕತ್ತನ್ನು ಎಷ್ಟು ತಿರುಗಿಸಿದರೂ ಅದರ ಅಂಚು ಸಿಗುತ್ತಿರಲಿಲ್ಲ. ಸಮುದ್ರದ ತೆರೆ ಎದ್ದು ಬಂದಾಗ ಕಾಲು ಮೇಲೆತ್ತಿಕೊಂಡೆ. ಬಾಯಿಬಿಟ್ಟು ಕೂಗಿದೆ, ಬಿದ್ದು ಬಿದ್ದು ನಕ್ಕೆ, ಒಂದು ಕಡೆ ಅತ್ತು ಕುರ್ತಾದ ತೋಳಿಗೇ ಮೂಗು ಒರೆಸಿಕೊಂಡೆ. ವೈನಿಯ ಆಚೆ ಬದಿಗೆ ಅದೇ ತಾಯಿ ಮಗ ಕೂತಿದ್ದರು. ತಾಯಿಯ ಮುಖ ಪರದೆಯ ಕಡೆಗಿರಲಿಲ್ಲ, ನನ್ನ ಕಡೆಗಿತ್ತು. ಪಾಪ, ಇಷ್ಟು ಬೆಳಕು ಕಣ್ಣಿಗೆ ಆಗುತ್ತಿಲ್ಲವೇನೋ ಎಂದುಕೊಂಡೆ.

ಮಧ್ಯಂತರಕ್ಕೆ ದೀಪ ಹತ್ತಿದ್ದೇ ತಡ, ವೈನಿ ನನ್ನ ಕೈ ಅದುಮಿದಳು. "ಸಿಟ್ಟಾಗಬ್ಯಾಡ. ಹುಡುಗ ಭಾಳ ಚಲೋ ಅದಾನ. ಇಲ್ಲೇ ಪುಣಾದಾಗ ಸ್ವಂತ ಅಂಗಡಿ ಐತಿ. ಹೇಳಿದ್ರ ನೀ ಬರ್ತಿದ್ದಿಲ್ಲ."

"ನೀವು ಮಾತು ಕೊಟ್ಟಿದ್ರಿ, ವೈನಿ."

"ನಿನ್ನ ನಡಿಸಿಲ್ಲ, ಜಡಿ ಹಿಡಿಸಿಲ್ಲ. ನಿನಗ ಗೊತ್ತಾಗದಂಗ ನೋಡ್ಯಾರ, ಅಷ್ಟ."

ಅಷ್ಟ! ಅಂಗಳದಲ್ಲಿ ನಡೆಸಿದವರೆದುರು ನಾನು ಮುಖವನ್ನಾದರೂ ಬಿಗಿ ಹಿಡಿದಿದ್ದೆ. ಇವರು ನೋಡಿದ್ದು ನಾನು ಯಾರಿಗೂ ತೋರಿಸದ ಮುಖ. ಅದನ್ನು ನನ್ನ ವೈನಿಯೇ ಪಕ್ಕದಲ್ಲಿ ಕೂತು ತೋರಿಸಿದ್ದಳು.

ಅಷ್ಟರಲ್ಲಿ ಆ ತಾಯಿ ಕಾಯಿ, ಖಣ ಹಿಡಿದು ಎದುರಿಗೆ ಬಂದಳು. ಉಡಿ ತುಂಬಲು ಬಂದವರಿಗೆ ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ. ವೈರಿ ಬಂದರೂ ಸೆರಗು ಒಡ್ಡಬೇಕು. ಅದು ವೈನಿಗೆ ಚೆನ್ನಾಗಿ ಗೊತ್ತಿತ್ತು. ಸೆರಗಿರಲಿಲ್ಲ, ಓಢಣಿ ಒಡ್ಡಿದೆ. ಜನ ಪಾಪ್‌ಕಾರ್ನ್ ಹಿಡಿದು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

"ಭಾಳ ಛಂದ ನಗತೀ ಮಗಳ," ಎಂದು ಆಕೆ ನನ್ನ ಗಲ್ಲ ಮುಟ್ಟಿದಳು.

ಮಧ್ಯಂತರದ ನಂತರ ಪರದೆಯ ಮೇಲೆ ಏನೇನಾಯಿತೋ ನಾನರಿಯೆ. ಮುಖ ಗಂಟು ಹಾಕಿಕೊಂಡು ಕೂತಿದ್ದೆ.

ಚಿತ್ರ ಬಿಟ್ಟ ಮೇಲೆ ಮುಖ ತೊಳೆಯುವ ನೆಪ ಹೇಳಿ ದೂರ ಹೋಗಿ ಅವ್ವನಿಗೆ ಫೋನ್ ಹಚ್ಚಿದೆ. ಎಲ್ಲವನ್ನೂ ಹೇಳಿ ಅಳಬೇಕಿತ್ತು. ಹೋದ ವರ್ಷ "ನನ್ನ ಮಗಳೇನ ಸಂತ್ಯಾಗಿನ ಎಮ್ಮೀನ?" ಎಂದು ಬಂದವರನ್ನು ಬೈದವಳು ಅವಳು. ವೈನಿಗೆ ಛೀಮಾರಿ ಹಾಕಲು ನನ್ನ ಪಾಲಿಗೆ ಉಳಿದಿದ್ದವಳೂ ಅವಳೊಬ್ಬಳೇ. ಎಷ್ಟು ಹೊತ್ತಿನಿಂದ ಫೋನು ಕೈಯಲ್ಲೇ ಹಿಡಿದು ಕೂತಿದ್ದಳೋ ಏನೋ, ಒಂದೇ ರಿಂಗಿಗೆ ಎತ್ತಿದಳು. ನಾನು "ಯವ್ವಾ" ಎನ್ನುವುದರೊಳಗೆ ಅವಳೇ ಕೇಳಿದಳು: "ಹುಡುಗ ಮನಸಿಗೆ ಬಂದನೇನವಾ?"